ಒಂದೇ ಅಚ್ಚಿನ ಎರಡು ನಾಣ್ಯ

ಹಳೆಯ ನಾಣ್ಯ ಕೈಗೆ ಸಿಕ್ಕವರಿಗೆ ಚನ್ನಗಿರಿಯಲ್ಲಿ ತಿಳಿದವರು ಹೇಳುತ್ತಿದ್ದ ಮಾತೊಂದಿತ್ತು: ಆಸೆ ಬೆಳೆಸಿಕೊಳ್ಳಬೇಕಾದರೆ ಯಾರ ಹತ್ತಿರವಾದರೂ ಹೋಗಿ, ಆಸೆ ಬಿಡಬೇಕಾದರೆ ಷಣ್ಮುಖಪ್ಪನ ಹತ್ತಿರ ಹೋಗಿ.

ಷಣ್ಮುಖಪ್ಪ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು. ಭಾನುವಾರ ಬೆಳಿಗ್ಗೆ ಸ್ನಾನ, ತಿಂಡಿ ಮುಗಿಸಿ ಮನೆಯ ಜಗಲಿಯ ಮೇಲೆ ಒಂದು ಮಣೆ, ಕತ್ತು ಬಗ್ಗುವ ಮೇಜಿನ ದೀಪ ಮತ್ತು ಭೂತಗನ್ನಡಿ ಇಟ್ಟುಕೊಂಡು ಕೂರುತ್ತಿದ್ದ. ಮೊಬೈಲಿನಲ್ಲಿ ಬಂದ ವಿಡಿಯೊ ನೋಡಿ, ಈ ಐದು ರೂಪಾಯಿಗೆ ಐದು ಲಕ್ಷ ಕೊಡುತ್ತಾರಂತೆ ಎಂದು ನಂಬಿದವರು ಬರುತ್ತಿದ್ದರು. ಕರವಸ್ತ್ರದಲ್ಲಿ ಗಂಟು ಕಟ್ಟಿದ್ದು, ಮಾತ್ರೆ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟದ್ದು, ಕುಂಕುಮ ಹಚ್ಚಿದ್ದು, ಎಲ್ಲವೂ ಆ ಮಣೆಯ ಮೇಲೆ ಬಂದು ಕೂರುತ್ತಿದ್ದವು. ಕೆಲವರಿಗೆ ಆಗಲೇ ಯಾರೋ ಫೋನು ಮಾಡಿ, ನಾಣ್ಯ ಮಾರಲು ಮೊದಲು ನೀವೇ ಇಷ್ಟು ಕಟ್ಟಬೇಕು ಎಂದು ಹೇಳಿರುತ್ತಿದ್ದರು. ಷಣ್ಮುಖಪ್ಪ ನಾಣ್ಯವನ್ನು ಅಂಚಿನಲ್ಲಿ ಹಿಡಿದು, ದೀಪವನ್ನು ಒಂದು ಮಗ್ಗುಲಿನಿಂದ ಬಿಟ್ಟು, ನಂತರ ಇನ್ನೊಂದು ಮಗ್ಗುಲಿನಿಂದ ಬಿಟ್ಟು, ಕೊನೆಗೆ ನಾಣ್ಯವನ್ನೇ ಸುತ್ತ ತಿರುಗಿಸಿ ನೋಡಿ, ಮರಳಿ ಅವರ ಅಂಗೈ ಮೇಲಿಟ್ಟು, ಇಲ್ಲ, ಇದು ಬರಿ ಖರ್ಚಿಗೆ ಆಗುವ ನಾಣ್ಯ, ಯಾರಿಗೂ ದುಡ್ಡು ಕಟ್ಟಬೇಡಿ ಎನ್ನುತ್ತಿದ್ದ. ಕಡ್ಡಿ ಮುರಿದ ಹಾಗೆ ಹೇಳಿದರೂ ದನಿಯಲ್ಲಿ ಒರಟು ಇರುತ್ತಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡವರಿಗೆ ಅವನ ಹೆಂಡತಿ ಸಿದ್ದಲಿಂಗಮ್ಮ ಒಳಗಿನಿಂದ ಕಾಫಿ ಕಳಿಸುತ್ತಿದ್ದಳು.

"ಬೇರೆಯೋರು ಭಾನುವಾರ ಅಂಗಡಿ ಮುಚ್ತಾರೆ, ನಮ್ಮನೆಯೋರು ಇಲ್ಲ ಅನ್ನೋ ಅಂಗಡಿ ತೆಗೀತಾರೆ ನೋಡ್ರಿ" ಎಂದು ಆಕೆ ನೆಂಟರ ಮುಂದೆ ಚುಡಾಯಿಸುವುದಿತ್ತು.

ನಾಣ್ಯದ ಹುಚ್ಚು ಷಣ್ಮುಖಪ್ಪನಿಗೆ ಹತ್ತಿದ್ದು ಹೊನ್ನಾಳಿಯಲ್ಲಿ. ನಲ್ಲೂರಿನ ಹುಡುಗ, ಬಿ.ಎಸ್ಸಿ. ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದಾಗ ಸಂಜೆ ಹೊತ್ತು ಹೊಳೆ ಕಡೆ ಹೋಗುತ್ತಿದ್ದ. ಬಸ್ಸು ಸೇತುವೆ ದಾಟುವಾಗ ಜನ ಕೈಮುಗಿದು ತುಂಗಭದ್ರೆಗೆ ನಾಣ್ಯ ಎಸೆಯುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಲವರು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಮರಳಲ್ಲಿ ಎಳೆಯುತ್ತಿದ್ದರು. ಅಯಸ್ಕಾಂತಕ್ಕೆ ಕಚ್ಚುವುದು ಉಕ್ಕಿನ ನಾಣ್ಯ ಮಾತ್ರ. ತಾಮ್ರ, ನಿಕ್ಕಲ್ ಬೆರೆಸಿದ ನಾಣ್ಯಗಳು ಮರಳಿನಲ್ಲೇ ಉಳಿಯುತ್ತವೆ. ಹೀಗೆ ಉಳಿದವುಗಳನ್ನು ಷಣ್ಮುಖಪ್ಪ ಜರಡಿ ಹಿಡಿದು ಆರಿಸತೊಡಗಿದ. ಮುಂದೆ ನ್ಯಾಮತಿಗೆ ವರ್ಗವಾದಾಗ ಪಾಠ ಮುಗಿದ ಮೇಲೆ ಅಲ್ಲಿನ ಹಳೆಯ ಸೂಕ್ಷ್ಮದರ್ಶಕದ ಕೆಳಗೆ ಈರುಳ್ಳಿ ಸಿಪ್ಪೆಯ ಜಾಗದಲ್ಲಿ ನಾಣ್ಯ ಇಟ್ಟು ನೋಡುವುದು ರೂಢಿಯಾಯಿತು. ಅಕ್ಷರ ಜೋಡಾಗಿ ಕಾಣುವ ನಾಣ್ಯಗಳ ಲೋಕ ಅವನಿಗೆ ತೆರೆದದ್ದು ಅಲ್ಲಿ.

ಆ ಜೋಡು ಎಲ್ಲವೂ ಒಂದೇ ಬಗೆಯದಲ್ಲ. ಟಂಕಸಾಲೆಯಲ್ಲಿ ಮೂಲ ಮಾದರಿಯನ್ನು ಉಕ್ಕಿನ ಮೇಲೆ ಒತ್ತಿ ಅಚ್ಚು ತಯಾರಿಸುತ್ತಾರೆ. ಒಮ್ಮೆ ಒತ್ತಿದ್ದು ಸಾಲದೆ ಮತ್ತೊಮ್ಮೆ ಒತ್ತುವಾಗ ಕೂದಲೆಳೆಯಷ್ಟು ಜರುಗಿದರೆ ಅಚ್ಚಿನಲ್ಲೇ ಅಕ್ಷರ ಎರಡೆರಡು ಮೂಡುತ್ತದೆ. ಆ ಅಚ್ಚಿನಿಂದ ಹೊರಬಿದ್ದ ಪ್ರತಿ ನಾಣ್ಯವೂ ಅದೇ ಜೋಡನ್ನು ಹೊತ್ತು ಬರುತ್ತದೆ. ಸಂಗ್ರಾಹಕರು ಡಬಲ್ ಡೈ ಎಂದು ಕರೆದು ಹುಡುಕುವುದು ಇದನ್ನೇ. ಇನ್ನೊಂದು ಬಗೆಯಲ್ಲಿ ಅಚ್ಚು ಸರಿಯಾಗಿಯೇ ಇರುತ್ತದೆ, ನಾಣ್ಯ ಹೊಡೆಯುವ ಗಳಿಗೆಯಲ್ಲಿ ಯಂತ್ರ ಅದುರುತ್ತದೆ. ಆಗ ಅಕ್ಷರದ ಮಗ್ಗುಲು ಚಪ್ಪಟೆಯಾಗಿ, ಮೆಟ್ಟಿಲಿನಂತೆ ಜರುಗಿ ಕಾಣುತ್ತದೆ. ಅದಕ್ಕೆ ಬೆಲೆಯಿಲ್ಲ. ಇದನ್ನು ಜನಕ್ಕೆ ಹೇಗೆ ತಿಳಿಸುವುದು ಎಂದು ಷಣ್ಮುಖಪ್ಪ ಒದ್ದಾಡುತ್ತಿದ್ದಾಗ ದಾರಿ ತೋರಿಸಿದವಳು ಸಿದ್ದಲಿಂಗಮ್ಮ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುತ್ತ ಆಕೆ, ಮರದ ಅಚ್ಚಿನಲ್ಲೇ ಗಿಣಿಗೆ ಎರಡು ಕೊಕ್ಕು ಕೆತ್ತಿದ್ದರೆ ಮನೆಮನೆಗೆ ಹಂಚುವ ಗಿಣಿಗಳೆಲ್ಲ ಎರಡು ಕೊಕ್ಕಿನವೇ ಆಗುತ್ತವೆ, ಬಿಡಿಸುವಾಗ ನನ್ನ ಕೈ ನಡುಗಿದರೆ ಆ ಒಂದು ಗಿಣಿ ಮಾತ್ರ ಕೆಡುತ್ತದೆ, ಅಷ್ಟೇ ತಾನೆ ಎಂದಳು. ಅಂದಿನಿಂದ ಷಣ್ಮುಖಪ್ಪ ಎಲ್ಲರಿಗೂ ಗಿಣಿಯ ಕತೆಯನ್ನೇ ಹೇಳಿದ.

ಅವನಿಗಿದ್ದದ್ದು ಒಂದೇ ಆಸೆ. ಯಾರೂ ಈವರೆಗೆ ಗುರುತಿಸದ ಡಬಲ್ ಡೈ ಒಂದನ್ನು ತಾನು ಗುರುತಿಸಬೇಕು. ಸಂಗ್ರಾಹಕರ ಸಂಘದವರು ಅದನ್ನು ಒಪ್ಪಿ ತಮ್ಮ ಪಟ್ಟಿಗೆ ಸೇರಿಸಬೇಕು. ಮಾರುವ ಯೋಚನೆ ಅವನಿಗೆ ಬಂದದ್ದೇ ಇಲ್ಲ. ಊರಿನವರಿಗೆಲ್ಲ ಇಲ್ಲ ಎಂದ ಬಾಯಲ್ಲಿ ಒಮ್ಮೆಯಾದರೂ ಹೌದು ಎನ್ನುವ ನಾಣ್ಯ ಸಿಗಲಿ ಎಂದು ಒಳಗೊಳಗೇ ಕಾದಿದ್ದ.

ಸಿಕ್ಕಿತು, ಕಳೆದ ವರ್ಷ. ನ್ಯಾಮತಿಯಲ್ಲಿ ಹಳೆಯ ಸಹೋದ್ಯೋಗಿಯ ಮನೆಯ ಮದುವೆ ಮುಗಿಸಿ, ಬಸ್ ನಿಲ್ದಾಣದ ಹತ್ತಿರ ಟೀ ಕುಡಿದಾಗ ಅಂಗಡಿಯವನು ಚಿಲ್ಲರೆ ಕೊಟ್ಟ. ಫೋನಿನಲ್ಲೇ ದುಡ್ಡು ಹಾಕುವ ಕಾಲದಲ್ಲಿ ಚಿಲ್ಲರೆ ಸಿಗುವುದೇ ಅಪರೂಪ. ಅದರಲ್ಲಿ ಭಾರತದ ನಕ್ಷೆಯಿರುವ, ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿ ಒಂದಿತ್ತು. ಇದನ್ನ ಯಾರೂ ತಗಳಲ್ಲ, ನೀವು ತಗಂತೀರಾ ಎಂದು ಅಂಗಡಿಯವನೇ ಕೇಳಿ ಕೊಟ್ಟಿದ್ದ. ಮನೆಗೆ ಬಂದು ದೀಪದ ಕೆಳಗಿಟ್ಟಾಗ ನಕ್ಷೆಯ ಸುತ್ತಲಿನ ಅಕ್ಷರಗಳಲ್ಲಿ ಮೂರು ಜೋಡಾಗಿದ್ದವು. ಎರಡನೆಯ ಗೆರೆಯೂ ಮೊದಲನೆಯದರಂತೆಯೇ ದುಂಡಗೆ ಉಬ್ಬಿತ್ತು. ಅಕ್ಷರದ ಮೂಲೆಯಲ್ಲಿ, ಎರಡು ಗೆರೆ ಬೇರೆಯಾಗುವ ಕಡೆ, ಇಲಿ ಕಚ್ಚಿದಂತೆ ಚಿಕ್ಕ ಕಚ್ಚು ಇತ್ತು. ಅದುರಿದ ನಾಣ್ಯದಲ್ಲಿ ಆ ಕಚ್ಚು ಮೂಡುವುದಿಲ್ಲ. ಇಷ್ಟು ಸಾಲದು ಎಂಬಂತೆ ಅಂಚಿನಿಂದ ಒಂದು ಅಕ್ಷರದ ಕಾಲಿನವರೆಗೆ ಎಳೆಯಂಥ ಉಬ್ಬು ಗೆರೆ ಹರಿದಿತ್ತು. ಅದು ಅಚ್ಚು ಬಿರುಕು ಬಿಟ್ಟ ಗುರುತು. ಮನುಷ್ಯನ ಮುಖದ ಮಚ್ಚೆಯಂತೆ ಅದು ಆ ಅಚ್ಚಿಗೆ ಮಾತ್ರ ಸೇರಿದ್ದು.

ಷಣ್ಮುಖಪ್ಪ ಚಿತ್ರಗಳನ್ನು ಸಂಘಕ್ಕೆ ಕಳಿಸಿದ. ಅಲ್ಲಿನ ಹಿರಿಯರು ಮೆಚ್ಚಿಕೊಂಡು ಉತ್ತರಿಸಿದರು, ಜೊತೆಗೆ ಅವನು ತಾನೇ ಬೇರೆಯವರಿಗೆ ಹೇಳುತ್ತಿದ್ದ ಮಾತನ್ನು ಅವನಿಗೆ ಹೇಳಿದರು. ಒಂದು ಗಿಣಿಯಿಂದ ಅಚ್ಚನ್ನು ತೀರ್ಮಾನಿಸಲಾಗದು. ಅದೇ ಅಚ್ಚಿನ ಎರಡನೆಯ ನಾಣ್ಯ ಸಿಗಲಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಪಟ್ಟಿಗೆ ಸೇರಿಸೋಣ ಎಂದರು.

ಎರಡನೆಯದಕ್ಕಾಗಿ ಅವನು ದೇವಸ್ಥಾನದ ಮುಂದಿನ ಹೂವಿನವರನ್ನು, ಕಂಡಕ್ಟರುಗಳನ್ನು, ಕಿರಾಣಿ ಅಂಗಡಿಯವರನ್ನು ಕೇಳಿದ. ಮಳೆಗಾಲ ಮುಗಿದು ಚಳಿ ಶುರುವಾದರೂ ಸಿಗಲಿಲ್ಲ. ಒಂದು ಮಧ್ಯಾಹ್ನ, ತನ್ನ ಫೋನಿನಲ್ಲೇ ಇರುವ ಹಳೆಯ ಚಿತ್ರಗಳನ್ನು ಯಾಕೆ ನೋಡಬಾರದು ಎನ್ನಿಸಿತು. ಜನ ತಂದ ನಾಣ್ಯಗಳಲ್ಲಿ ಪಾಠಕ್ಕೆ ಬರುವಂಥವನ್ನು ಚಿತ್ರ ತೆಗೆದಿಡುವ ಅಭ್ಯಾಸ ಅವನಿಗಿತ್ತು. ಸರಿಸುತ್ತ ಹೋದಾಗ ಹನ್ನೊಂದು ಮೂಲೆಯ ಎರಡು ರೂಪಾಯಿಯೊಂದು ಬಂತು. ಕನ್ನಡಿಯಂತೆ ಬೆಳಗಿದ ನಾಣ್ಯ. ಅದೇ ಇಸವಿ. ಹೊಳಪಿನಲ್ಲಿ ಅಕ್ಷರಗಳು ಕಲಸಿಹೋಗಿದ್ದವು. ಆದರೆ ಚಿತ್ರವನ್ನು ಹಿಗ್ಗಿಸಿದಾಗ ಅಂಚಿನಿಂದ ಅಕ್ಷರದ ಕಾಲಿಗೆ ಹರಿದ ಎಳೆಗೆರೆ ಮಾತ್ರ ಸ್ಪಷ್ಟವಾಗಿ ಕಂಡಿತು.

ಆ ಚಿತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ತೊಳೆದು ಹಾಳಾದ ನಾಣ್ಯ ಹೇಗಿರುತ್ತದೆ ಎಂದು ಕಾಲೇಜಿನವರು ನಾಣ್ಯದ ಬಗ್ಗೆ ಮಾತಾಡಲು ಕರೆದಾಗ ಮಕ್ಕಳಿಗೆ ತೋರಿಸಲು ಅದನ್ನು ಎಷ್ಟೋ ಸಲ ಪರದೆಯ ಮೇಲೆ ಹಾಕಿದ್ದ. ಮಕ್ಕಳು ನಕ್ಕಿದ್ದರು.

ಅದು ಓಬಣ್ಣನ ನಾಣ್ಯ. ಜಗಳೂರು ಕಡೆಯ ಓಬಣ್ಣ ಮತ್ತು ಅವನ ಹೆಂಡತಿ ಮೂಕಮ್ಮ ಅಡಿಕೆ ಕೊಯ್ಲಿನ ಕಾಲದಲ್ಲಿ ತೋಟದ ಫಸಲನ್ನು ಖೇಣಿಗೆ, ಅಂದರೆ ಗುತ್ತಿಗೆಗೆ ಹಿಡಿದವರ ಜೊತೆ ಚನ್ನಗಿರಿಗೆ ಬಂದು, ಸುಲಿಯುವ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದರು. ಆರೇಳು ವರ್ಷದ ಹಿಂದಿನ ಒಂದು ಭಾನುವಾರ ಇಬ್ಬರೂ ಜಗಲಿಯ ಮುಂದೆ ಬಂದು ನಿಂತರು. ಆವತ್ತು ಜನ ಬಹಳ ಇದ್ದರು, ವಿಡಿಯೊ ಒಂದು ಹೊಸದಾಗಿ ಹಬ್ಬಿತ್ತು. ಮಣೆಯ ಮೇಲಿಟ್ಟ ನಾಣ್ಯ ಹೊಸ ಕಾಲುಂಗುರದಂತೆ ಮಿನುಗಿದ್ದೇ ಷಣ್ಮುಖಪ್ಪನಿಗೆ ಸಿಟ್ಟು ಬಂದಿತ್ತು. ನಾಣ್ಯ ತಿಕ್ಕಬೇಡಿ, ತೊಳೆಯಬೇಡಿ ಎಂದು ಹೇಳಿ ಹೇಳಿ ಅವನ ಬಾಯಿ ಸೋತಿತ್ತು.

"ಅಕ್ಷರ ಜೋಡು ಜೋಡು ಕಾಣ್ತಾವ್ರಿ ಸಾರ್. ಇವಳಿಗೇ ಮೊದ್ಲು ಕಂಡಿದ್ದು" ಎಂದಿದ್ದ ಓಬಣ್ಣ.

ಷಣ್ಮುಖಪ್ಪ ಭೂತಗನ್ನಡಿ ಹಿಡಿದ. ದೀಪ ಇದ್ದ ಕಡೆಯೇ ಇತ್ತು. ತಿಕ್ಕಿದ ಅಕ್ಷರಗಳ ತಲೆ ಸವೆದು ಚಪ್ಪಟೆಯಾಗಿ ಕಂಡವು. ಚಪ್ಪಟೆ ಎಂದರೆ ಅದುರಿದ್ದು. ಅವನು ದೀಪ ಜರುಗಿಸಲಿಲ್ಲ, ನಾಣ್ಯ ತಿರುಗಿಸಲಿಲ್ಲ. ಇದು ಯಂತ್ರ ಅದುರಿದ್ದು, ಜೊತೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಕೆಡಿಸಿದ್ದೀರಿ, ಏನೂ ಬೆಲೆಯಿಲ್ಲ ಎಂದು ಹೇಳಿದ. ಮಕ್ಕಳಿಗೆ ತೋರಿಸಲು ಆಗುತ್ತದೆ ಎಂದು ಒಂದು ಚಿತ್ರ ತೆಗೆದುಕೊಂಡು ಕೊಟ್ಟುಬಿಟ್ಟ. ಗಂಡನ ಹಿಂದೆ ನಿಂತಿದ್ದ ಮೂಕಮ್ಮ ಸೆರಗಿನಲ್ಲಿ ಅದನ್ನು ಕಟ್ಟಿಕೊಂಡಳು. ಕಾಫಿಗೂ ನಿಲ್ಲದೆ ಹೋದರು.

ಈಗ ಸಿದ್ದಲಿಂಗಮ್ಮನ ಮುಂದೆ ಇದನ್ನೆಲ್ಲ ಹೇಳಿ ಷಣ್ಮುಖಪ್ಪ ಕೈ ಕೈ ಹಿಸುಕಿಕೊಂಡ. ಸಾವಿರ ನಾಣ್ಯಕ್ಕೆ ಮೂರು ಸಲ ಬೆಳಕು ಬದಲಿಸಿದವನು ಆ ಒಂದಕ್ಕೆ ಬದಲಿಸಲಿಲ್ಲವಲ್ಲ, ನಾಣ್ಯ ನೋಡುವ ಬದಲು ಹೊಳಪು ನೋಡಿಬಿಟ್ಟೆನಲ್ಲ ಎಂದ. ಆಕೆ ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಹೋಗಿ ಕೇಳ್ಕೊಂಡು ಬರ್ರಿ. ಇದ್ರೆ ಅವರ ಹೆಸರಲ್ಲೇ ಬರೆಸ್ರಿ" ಎಂದಳು.

ಅವನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಮೊದಲು ಕಂಡದ್ದು ಮೂಕಮ್ಮನಿಗೆ. ಪಟ್ಟಿಯಲ್ಲಿ ಆಕೆಯ ಹೆಸರೇ ಬರಬೇಕು. ಅವರನ್ನು ಕೆಲಸಕ್ಕೆ ಕರೆತರುತ್ತಿದ್ದ ಖೇಣಿದಾರ ಜುಂಜಪ್ಪನಿಂದ ಊರು, ಮನೆ ಕೇಳಿಕೊಂಡ. ಫೋನು ನಂಬರು ಸಿಕ್ಕಿದರೂ ವಿಷಯ ಹೇಳಲಿಲ್ಲ. ನಾಣ್ಯ ಕಣ್ಣಾರೆ ನೋಡದೆ ಯಾರಿಗೂ ಆಸೆ ಹುಟ್ಟಿಸಬಾರದು ಎಂಬುದು ಅವನ ನಿಯಮ. ಆ ಕಡೆ ಬರುತ್ತಿದ್ದೇನೆ, ಮನೆಗೆ ಬರಲೇ ಎಂದಷ್ಟೇ ಕೇಳಿದ. ಓಬಣ್ಣ ಹಿಗ್ಗಿ, ಊಟಕ್ಕೇ ಬರಬೇಕು ಎಂದ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ದಾರಿ ಹಿಡಿದಾಗ ತೆಂಗು, ಅಡಿಕೆ ಹಿಂದೆ ಬಿದ್ದು ಮೆಕ್ಕೆಜೋಳದ ಹೊಲಗಳು ಬಂದವು. ಜೇಬಿನಲ್ಲಿ ಭೂತಗನ್ನಡಿ, ಕಾಗದದ ಲಕೋಟೆಯಲ್ಲಿ ತನ್ನ ನಾಣ್ಯ. ಹೇಳಬೇಕಾದ ಮಾತನ್ನು ಅವನು ದಾರಿಯುದ್ದಕ್ಕೂ ಸರಿಮಾಡಿಕೊಂಡ. ಮೊದಲು ನಾಣ್ಯ ತರಿಸುವುದು. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಕಮ್ಮನ ಕೈಗೇ ಭೂತಗನ್ನಡಿ ಕೊಡುವುದು. ಆಮೇಲೆ ತನ್ನ ತಪ್ಪು ಹೇಳುವುದು. ಲೆಕ್ಕ ಚೊಕ್ಕವಾಗಿತ್ತು.

ಓಬಣ್ಣನದು ಊರ ಕೊನೆಯ ಸಾಲಿನಲ್ಲಿ ಸರ್ಕಾರದ ಸಹಾಯಧನದಲ್ಲಿ ಕಟ್ಟಿದ ಎರಡು ಕೋಣೆಯ ಮನೆ. ನೀಲಿ ಬಣ್ಣದ ಬಾಗಿಲು, ಅದಕ್ಕೆ ಒಣಗಿದ ಮಾವಿನ ತೋರಣ. ಹಜಾರದಲ್ಲಿ ಗೋಡೆಗೆ ದಿಂಬು ಒರಗಿಸಿ ತುಂಬು ಬಸುರಿ ಕೂತಿದ್ದಳು. ಮಗಳು ಮಮತಾ, ಹೆರಿಗೆಗೆ ಬಂದಿದ್ದಾಳೆ, ಹೋದ ಸಲದ್ದು ಏಳು ತಿಂಗಳಿಗೆ ಉಳಿಯಲಿಲ್ಲ, ಅದಕ್ಕೇ ಈ ಸಲ ಎಲ್ಲರಿಗೂ ಭಯ ಎಂದು ಓಬಣ್ಣ ದನಿ ತಗ್ಗಿಸಿ ಹೇಳಿದ. ಅವನು ಈಗ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿದ್ದ. ಅಡಿಕೆ ಸುಲಿಯಲು ಹೋಗುವುದು ನಿಂತಿತ್ತು. ಮೂಕಮ್ಮ ನೀರು ತಂದಿಟ್ಟು ಅಡುಗೆ ಮನೆಯ ಬಾಗಿಲಲ್ಲಿ ನಿಂತಳು.

ಮಳೆ, ಬೆಳೆ, ಅಡಿಕೆ ಧಾರಣೆ ಎಲ್ಲ ಮಾತಾಡಿದ ಮೇಲೆ ಷಣ್ಮುಖಪ್ಪ ಆ ಎರಡು ರೂಪಾಯಿಯ ಸುದ್ದಿ ತೆಗೆದ. ಅವನು ಮಾತು ಮುಗಿಸುವ ಮೊದಲೇ ಓಬಣ್ಣ ನಕ್ಕ.

"ಅದನ್ನ ಮರೆಯೋದುಂಟಾ ಸಾರ್? ಮನೇಗೆ ಬಂದ ಲಕ್ಷ್ಮೀನ ಹುಣಸೆಹಣ್ಣಾಗೆ ತಿಕ್ಕಿ ಓಡ್ಸಿದ ಮಹಾತಾಯಿ ಇಲ್ಲೇ ನಿಂತವ್ಳೆ ನೋಡ್ರಿ. ಪಾತ್ರೆ ತೊಳೆಯಾಕೆ ಕೂತ್ರೆ ಸಾಕು, ನಿಧಾನ ತಿಕ್ಕು, ಬೆಲೆ ಹೋಗ್ತೈತೆ ಅಂತೀನಿ."

ಮಮತಾಳೂ ನಕ್ಕಳು. ಆ ಮನೆಯಲ್ಲಿ ಅದು ಹಳೆಯ ತಮಾಷೆಯಾಗಿತ್ತು ಎಂಬುದು ತಿಳಿಯುತ್ತಿತ್ತು. ಮೂಕಮ್ಮ ಮಾತ್ರ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಗಂಡನಿಗಲ್ಲ, ಷಣ್ಮುಖಪ್ಪನಿಗೆ ಹೇಳಿದಳು.

"ನಾನು ಬೇಕಂತ ಕೆಡ್ಸಿದ್ದಲ್ಲ ಮೇಷ್ಟ್ರೇ. ನಮ್ಮ ಕೈಯಿಂದ ನಿಮ್ಮ ಕೈಗೆ ಹೋಗೋದು. ಕೊಳೆ ಇರಬಾರದು, ದೇವರ ಮುಂದೆ ಇಡೋ ಹಂಗೆ ಇರ್ಲಿ ಅಂತ ಬೂದಿ ಹುಣಸೆಹಣ್ಣು ಹಾಕಿ ತೊಳೆದೆ."

ಷಣ್ಮುಖಪ್ಪ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟ. ತನ್ನ ಜಗಲಿಗೆ ಬಂದ ಸಾವಿರ ನಾಣ್ಯಗಳಲ್ಲಿ, ತನಗೆ ಕೊಡುವ ಮರ್ಯಾದೆ ಎಂದುಕೊಂಡು ತೊಳೆದ ನಾಣ್ಯ ಅದೊಂದೇ ಇದ್ದಿರಬೇಕು. ನಮ್ಮ ಕೈಯಿಂದ ನಿಮ್ಮ ಕೈಗೆ ಎಂಬ ಮಾತಿನ ಹಿಂದೆ ಏನೇನು ಇದೆ ಎಂಬುದು ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಹೊಳಪನ್ನು ನೋಡಿಯೇ ಅವನು ಮುಖ ತಿರುಗಿಸಿದ್ದ. ಅದರ ಹೊಣೆ ಇಷ್ಟು ವರ್ಷ ಈಕೆಯ ತಲೆಯ ಮೇಲೆ ಕೂತಿತ್ತು.

ನಾಣ್ಯ ಈಗ ಎಲ್ಲಿದೆ ಎಂದು ಕೇಳಿದ.

ಓಬಣ್ಣ ಎದ್ದುಹೋಗಿ ಮುಂಬಾಗಿಲ ಹತ್ತಿರ ನಿಂತು ಕೆಳಗೆ ಬೆರಳು ಮಾಡಿ ತೋರಿಸಿದ. ಮನೆ ಕಟ್ಟುವಾಗ ಬಾಗಿಲು ನಿಲ್ಲಿಸುವ ಶಾಸ್ತ್ರ ಮಾಡಿದರು. ಹೊಸ್ತಿಲ ಕೆಳಗೆ ನವಧಾನ್ಯ, ಅರಿಸಿನದ ಕೊಂಬು, ಹಾಲು, ಮನೆಯವರ ಕೈಯ ಒಂದು ನಾಣ್ಯ. ಅಂಗಡಿಯವರೂ ಬೇಡವೆನ್ನುವ ಎರಡು ರೂಪಾಯಿ, ಆದರೂ ತೊಳೆದು ಥಳಥಳ ಅನ್ನುತ್ತಿತ್ತು, ಅದಕ್ಕೇ ಅದನ್ನು ಇಟ್ಟೆವು ಎಂದ. ಅದರ ಮೇಲೆ ಹೊಸ್ತಿಲು ಕೂರಿಸಿ ಸಿಮೆಂಟು ತುಂಬಿದ್ದರು. ಹೊಸ್ತಿಲ ಮೇಲೆ ಅಂದಿನ ಬೆಳಗಿನ ಅರಿಸಿನ ಕುಂಕುಮ ಇನ್ನೂ ಹಸಿಯಾಗಿ ಇತ್ತು. ಒಳಗೆ ಬರುವಾಗ ಷಣ್ಮುಖಪ್ಪ ಅದನ್ನು ದಾಟಿಯೇ ಬಂದಿದ್ದ.

ಅಷ್ಟರಲ್ಲಿ ಓಬಣ್ಣನ ಮುಖದಲ್ಲಿದ್ದ ನಗೆ ಸಣ್ಣಗಾಯಿತು. ಚನ್ನಗಿರಿಯಿಂದ ಇಷ್ಟು ದೂರ ಬಂದ ಮನುಷ್ಯ ಸುಮ್ಮನೆ ಕೇಳುತ್ತಿಲ್ಲ ಎಂದು ಅವನಿಗೆ ಹೊಳೆದಿರಬೇಕು.

"ಯಾಕ್ ಸಾರ್, ಅದಕ್ಕೇನಾರ ಬೆಲೆ ಐತಾ? ಐತೆ ಅನ್ರಿ, ಈಗ್ಲೇ ಹಾರೆ ತಂದು ಎಬ್ಬಿಸ್ತೀನಿ. ಹಾರೆ ಮನೇಲೇ ಐತೆ."

ಅದು ತಮಾಷೆಯ ಮಾತಲ್ಲ. ಮಮತಾ ಎರಡೂ ಕೈಯನ್ನು ಹೊಟ್ಟೆಯ ಮೇಲೆ ತಂದುಕೊಂಡಳು. ಮೂಕಮ್ಮ ಅಡುಗೆ ಮನೆಯ ಬಾಗಿಲು ಬಿಟ್ಟು ಬಂದು ಮಗಳ ಪಕ್ಕ ಕೂತಳು. ಹೆರಿಗೆಗೆ ಬಂದ ಮಗಳು ಮನೆಯಲ್ಲಿರುವಾಗ ಹೊಸ್ತಿಲು ಒಡೆಯುವುದೆಂದರೆ ಏನು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಶಾಸ್ತ್ರ ನಂಬದ ಷಣ್ಮುಖಪ್ಪನಿಗೂ ಗೊತ್ತಿತ್ತು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಆ ತಪ್ಪೂ ಈ ಹೆಂಗಸಿನ ತಲೆಗೇ ಬರುತ್ತದೆ. ತೊಳೆದವಳು ಅವಳೇ, ಜೋಡಕ್ಷರ ಕಂಡವಳೂ ಅವಳೇ. ಇನ್ನು ನಿಜ ಹೇಳಿ, ಒಡೆಯಬೇಡ ಎಂದರೆ? ಬೆಲೆಯುಳ್ಳದ್ದು ಕಾಲ ಕೆಳಗೆ ಇದೆ ಎಂದು ತಿಳಿದ ಮೇಲೆ ಓಬಣ್ಣ ಆ ಬಾಗಿಲಲ್ಲಿ ದಿನಾ ಓಡಾಡುವುದು ಹೇಗೆ?

ಷಣ್ಮುಖಪ್ಪನ ಜೇಬಿನಲ್ಲಿ ಒಂದು ನಾಣ್ಯವಿತ್ತು. ನಾಲ್ಕು ಹೆಜ್ಜೆ ದೂರದಲ್ಲಿ, ಸಿಮೆಂಟಿನ ಕೆಳಗೆ, ಅದರ ಜೋಡಿ ಇತ್ತು. ಹೌದು ಎಂಬ ಒಂದು ಮಾತು ಸಾಕಿತ್ತು.

"ಇಲ್ಲ ಓಬಣ್ಣ, ಬೆಲೆ ಏನಿಲ್ಲ. ಮಕ್ಕಳಿಗೆ ತೋರ್ಸಾಕೆ ಬೇಕಾಗಿತ್ತು ಅಷ್ಟೇ. ಕೂತ್ಕೊಳ್ರಿ" ಎಂದ ಷಣ್ಮುಖಪ್ಪ.

ಓಬಣ್ಣ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ, ಅದೇ ಅನ್ಕಂಡೆ ಸಾರ್, ನಿಮ್ಮ ಬಾಯಾಗೆ ಐತೆ ಅನ್ನೋ ಮಾತು ಬಂದ್ರೆ ಮಳೆ ಹುಯ್ದಂಗೇ ಎಂದು ನಕ್ಕು ಕೂತ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಷಣ್ಮುಖಪ್ಪ ಮೂಕಮ್ಮನ ಕಡೆ ತಿರುಗಿದ.

"ಇನ್ನೊಂದು ಮಾತಮ್ಮ. ತೊಳೆದಿದ್ದರಿಂದ ಆ ನಾಣ್ಯ ಏನೂ ಕೆಟ್ಟಿಲ್ಲ. ನಿಮ್ಮ ತಪ್ಪು ಒಂದಿಷ್ಟೂ ಇಲ್ಲ."

"ಆವತ್ತು ಕೆಡ್ಸಿದೀರಿ ಅಂದ್ರಲ್ಲ?"

"ಆವತ್ತು ನಾನು ಸರಿಯಾಗಿ ನೋಡಿರ್ಲಿಲ್ಲ."

ಮೂಕಮ್ಮ ಅವನನ್ನೇ ನೋಡಿದಳು. ಕಣ್ಣು ಕಿರಿದು ಮಾಡಿ, ಸಣ್ಣದೇನನ್ನೋ ಹುಡುಕುವವರ ಹಾಗೆ. ಊಟ ಬಡಿಸಿದಾಗ ಷಣ್ಮುಖಪ್ಪ ತಟ್ಟೆಯತ್ತ ತಲೆ ತಗ್ಗಿಸಿದ. ಮುದ್ದೆ, ಹುರುಳಿಕಾಳಿನ ಸಾರು, ಈರುಳ್ಳಿ. ಅವನು ಹೊಟ್ಟೆ ತುಂಬ ಉಂಡ, ಬಡಿಸಿದ್ದನ್ನು ಬೇಡವೆನ್ನಲಿಲ್ಲ. ಹೊರಡುವಾಗ ಹೊಸ್ತಿಲು ದಾಟಲು ಕಾಲೆತ್ತಿದವನು ಯಾಕೋ ಒಂದು ಗಳಿಗೆ ಹಾಗೇ ನಿಂತ. ಮೊಣಕಾಲು ನೋವಾ ಸಾರ್ ಎಂದು ಓಬಣ್ಣ ತೋಳು ಹಿಡಿದುಕೊಂಡ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅವನ ಮನಸ್ಸು ತಕ್ಕಡಿಯಂತೆ ತೂಗಾಡಿತು. ಮೊದಲ ಸಲ ಇಲ್ಲ ಎಂದದ್ದು ತಿಳಿಯದೆ. ಈ ಸಲ ತಿಳಿದೂ ಅಂದ. ಆ ಬಸುರಿಗಾಗಿ, ಆಕೆಯ ತಾಯಿಗಾಗಿ ಸುಮ್ಮನಿದ್ದೆ ಎಂದು ಹೇಳಿಕೊಂಡ. ಸ್ವಲ್ಪ ದೂರ ಬಂದ ಮೇಲೆ, ತಪ್ಪು ಹೇಳದವನೆಂಬ ನಿನ್ನ ಹೆಸರಿಗಾಗಿಯೂ ಅಲ್ಲವೇ ಎಂದು ಒಳಗಿನಿಂದ ಇನ್ನೊಂದು ಪ್ರಶ್ನೆ ಎದ್ದಿತು. ಆರೇಳು ವರ್ಷದ ಹಿಂದೆ ಅವರ ನಾಣ್ಯದ ತೀರ್ಮಾನವನ್ನು ಅವರಿಗೆ ಕೇಳದೆ ಅವನೇ ಮಾಡಿದ್ದ. ಇವತ್ತೂ ಅವನೇ ಮಾಡಿ ಬಂದಿದ್ದ. ಪ್ರಯೋಗಾಲಯದಲ್ಲಾದರೆ ಎರಡು ಕಾರಣಗಳನ್ನು ಬೇರೆ ಮಾಡಲು ಒಂದು ದಾರಿ ಇರುತ್ತಿತ್ತು. ಇಲ್ಲಿ ಯಾವ ಬೆಳಕು ಯಾವ ಮಗ್ಗುಲಿನಿಂದ ಬಿಟ್ಟರೂ ಎರಡೂ ಕೂಡಿಕೊಂಡೇ ಕಂಡವು.

ಸಿಕ್ಕಿತಾ ಎಂದು ಸಿದ್ದಲಿಂಗಮ್ಮ ಬಾಗಿಲಲ್ಲೇ ಕೇಳಿದಳು. ಇದೆ, ತೆಗೆಯುವ ಹಾಗಿಲ್ಲ ಎಂದು ನಡೆದದ್ದನ್ನು ಹೇಳಿದ. ಆಕೆ, ನಿಜ ಹೇಳಿ ಅವರಿಗೇ ಬಿಡಬಹುದಿತ್ತು ಎಂದಳು. ಅವನಿಗೆ ಕೈಕಾಲಿಗೆ ನೀರು ತಂದಿಡುತ್ತ, ನಾನಾಗಿದ್ದರೂ ಹೇಳುತ್ತಿರಲಿಲ್ಲವೋ ಏನೋ ಎಂದೂ ಸೇರಿಸಿದಳು.

ಸಂಘದವರಿಗೆ ಅವನು ಎರಡನೆಯ ನಾಣ್ಯ ದೊರೆಯಲಿಲ್ಲ ಎಂದು ತಿಳಿಸಿದ. ಚಿತ್ರವನ್ನಾದರೂ ಕಳಿಸಬಹುದಿತ್ತು, ಆದರೆ ಹೊಳಪಿನಲ್ಲಿ ಏನೂ ತೀರ್ಮಾನವಾಗುವುದಿಲ್ಲ ಎಂದು ಅವನಿಗೇ ಗೊತ್ತಿತ್ತು. ಇರಲಿ, ಮುಂದೆ ಯಾರಿಗಾದರೂ ಸಿಗಬಹುದು ಎಂದು ಅವರು ಸೌಜನ್ಯದಿಂದ ಬರೆದರು. ಆ ಹಳೆಯ ಚಿತ್ರವನ್ನು ಷಣ್ಮುಖಪ್ಪ ಮಕ್ಕಳಿಗೆ ಮತ್ತೆ ತೋರಿಸಲಿಲ್ಲ.

ಭಾನುವಾರಗಳು ಬದಲಾದವು. ಅವನು ಪ್ರತಿ ನಾಣ್ಯದ ಮೇಲೂ ಬಹಳ ಹೊತ್ತು ಬಗ್ಗಿರತೊಡಗಿದ. ತುಕ್ಕು ಹಿಡಿದದ್ದು, ತಿಕ್ಕಿದ್ದು, ಕುಂಕುಮ ಮೆತ್ತಿದ್ದು ಯಾವುದನ್ನೂ ಬಿಡದೆ ದೀಪ ಸುತ್ತಿಸಿ ಸುತ್ತಿಸಿ ನೋಡುತ್ತಿದ್ದ. ಮುಂದೆ ಕೂತವರು ಅವನ ಮೌನವನ್ನೇ ಶುಭವೆಂದು ತಿಳಿದು ಕಣ್ಣರಳಿಸಿ ಕಾಯುತ್ತಿದ್ದರು. ಆಮೇಲೆ ಬರುವ ಇಲ್ಲ ಎಂಬ ಮಾತು ಅವರಿಗೆ ಮೊದಲಿಗಿಂತ ಹೆಚ್ಚು ನೋಯುತ್ತಿತ್ತು. ಅದು ಅವನಿಗೂ ಕಾಣುತ್ತಿತ್ತು, ಆದರೂ ಬೇಗ ಹೇಳಲು ಬಾಯಿ ಬರುತ್ತಿರಲಿಲ್ಲ.

ಎಳ್ಳು ಬೆಲ್ಲದ ಹಬ್ಬ ಕಳೆದು ಕೆಲವು ದಿನವಾಗಿತ್ತು. ಓಬಣ್ಣ ಫೋನು ಮಾಡಿದ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದಾರೆ, ತೊಟ್ಟಿಲಿಗೆ ಹಾಕುವಾಗ ನೀವು ಅಮ್ಮಾವ್ರನ್ನೂ ಕರಕೊಂಡು ಬರಬೇಕು ಎಂದ. ಷಣ್ಮುಖಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತೇ ಮಾತಾಡಿದ. ಇಡುವ ಮೊದಲು ಓಬಣ್ಣ, ಇವಳು ಏನೋ ಕೇಳಬೇಕಂತೆ ಎಂದು ಫೋನನ್ನು ಹೆಂಡತಿಗೆ ಕೊಟ್ಟ. ಸ್ವಲ್ಪ ಹೊತ್ತು ನಡೆಯುವ ಸದ್ದು ಮಾತ್ರ ಕೇಳಿತು. ಮೂಕಮ್ಮ ಎಲ್ಲಿಗೋ ದೂರ ಹೋದಂತಿತ್ತು.

"ಮೇಷ್ಟ್ರೇ, ಆ ಅಕ್ಷರ ಜೋಡಾಗೇ ಇದ್ವು, ಅಲ್ವಾ?"

ಜಗಲಿಯ ಕೆಳಗೆ ಸ್ಕೂಟರೊಂದು ಹಾದುಹೋಯಿತು. ಷಣ್ಮುಖಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಹೌದಮ್ಮ. ಇದ್ವು. ಅಚ್ಚಲ್ಲೇ ಇದ್ವು."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಬಂತು. ಸಿಟ್ಟೋ, ನೆಮ್ಮದಿಯೋ ಅವನಿಗೆ ತಿಳಿಯಲಿಲ್ಲ.

"ನಂಗೂ ಹಂಗೇ ಕಂಡಿತ್ತು" ಎಂದಳು ಮೂಕಮ್ಮ. "ಇವರಿಗೆ ಹೇಳಾಕೆ ಹೋಗಬ್ಯಾಡ್ರಿ. ಆದ್ರೆ ನಂಗೆ, ಮನೇಗೆ ಬಂದಾಗ್ಲೇ ಹೇಳಬೌದಿತ್ತು."

ಅವನು ಏನಾದರೂ ಹೇಳುವ ಮೊದಲು ಎಲ್ಲೋ ಮಗು ಅಳತೊಡಗಿತು, ಬಂದೆ ಎಂದು ಆಕೆ ಯಾರಿಗೋ ಕೂಗಿದಳು, ಫೋನು ಕಟ್ಟಾಯಿತು. ಷಣ್ಮುಖಪ್ಪ ಜಗಲಿಯ ಮೇಲೆ ಹಾಗೇ ನಿಂತಿದ್ದ. ಒಳಗಿನಿಂದ ಸಿದ್ದಲಿಂಗಮ್ಮ ಏನು ಮಗುವಂತೆ ಎಂದು ಎರಡು ಸಲ ಕೇಳಿದಳು.